ಬಸಿರಿನ ವಾಂತಿ: ಎರಡು ಮಾತ್ರೆಗಳ ಚರಿತ್ರೆ

ಮುಟ್ಟು ನಿಂತ ಒಂದೆರಡು ವಾರಗಳಲ್ಲೇ ಶುರುವಾಗುವ ವಾಕರಿಕೆ, ವಾಂತಿ ಬಹುಪಾಲು ಬಸುರಿಯರಿಗೆ ನಾಲ್ಕನೆಯ ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಚರಕಸಂಹಿತೆಯ ಶಾರೀರಸ್ಥಾನ ಊಟ ಸೇರದಿರುವುದು, ವಾಂತಿ, ಹುಳಿಯ ಬಯಕೆ ಇವನ್ನೆಲ್ಲ ಗರ್ಭದ ಲಕ್ಷಣಗಳಲ್ಲೇ ಸೇರಿಸಿದೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಇದಕ್ಕೆ ಪಥ್ಯ ಬರೆದಿಟ್ಟಿದ್ದಾನೆ. ಆದರೆ ಕೆಲವರಿಗೆ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದು. ಇಂಗ್ಲಿಷ್ ಕಾದಂಬರಿಕಾರ್ತಿ ಶಾರ್ಲಟ್ ಬ್ರಾಂಟಿ 1855ರ ಮಾರ್ಚ್ 31ರಂದು ಬಸುರಿಯಾಗಿದ್ದಾಗಲೇ ತೀರಿಕೊಂಡಳು. ಮರಣಪತ್ರದಲ್ಲಿ ಕ್ಷಯವೆಂದು ಬರೆದಿದ್ದರೂ, ನಿಲ್ಲದ ವಾಂತಿಯೇ ಅವಳನ್ನು ಬಲಿತೆಗೆದುಕೊಂಡಿತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪಶ್ಚಿಮದ ಅನೇಕ ವೈದ್ಯರು ಇದನ್ನು ಹೆಂಗಸಿನ ಮನಸ್ಸಿನ ರೋಗವೆಂದೇ ಬಗೆದರು. ಮಗು ಬೇಡವೆಂಬ ಒಳಗಿನ ಆಸೆಯೇ ವಾಂತಿಯಾಗಿ ಹೊರಬರುತ್ತದೆ ಎಂಬ ಆ ವಾದ ಕ್ರೂರವಾದದ್ದು.

ಮಾತ್ರೆಗಳ ಕಾಲ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಪಶ್ಚಿಮ ಜರ್ಮನಿಯ ಕೆಮಿ ಗ್ರುನೆಂಥಾಲ್ ಕಂಪನಿ 1957ರ ಅಕ್ಟೋಬರ್ 1ರಂದು ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಿಯನ್ನು 'ಕಾಂಟೆರ್ಗಾನ್' ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಎಷ್ಟು ನುಂಗಿಸಿದರೂ ಇಲಿ ಸಾಯುವುದಿಲ್ಲ ಎಂಬುದೇ ಅದರ ಸುರಕ್ಷತೆಗೆ ಆಧಾರವಾಗಿತ್ತು. ಗರ್ಭದ ಮೇಲೆ ಅದರ ಪರಿಣಾಮವೇನೆಂದು ಪರೀಕ್ಷಿಸಿರಲಿಲ್ಲ. ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಸಿಗುತ್ತಿದ್ದ ಮಾತ್ರೆ ಬಸುರಿಯರ ವಾಕರಿಕೆಗೂ ಬಳಕೆಗೆ ಬಂತು. ಮಾರಾಟಕ್ಕೆ ಬರುವ ಮುಂಚೆಯೇ, 1956ರ ಕ್ರಿಸ್‌ಮಸ್ ದಿನ, ಆ ಕಂಪನಿಯ ನೌಕರನೊಬ್ಬನ ಮನೆಯಲ್ಲಿ ಕಿವಿಗಳೇ ಇಲ್ಲದ ಹೆಣ್ಣುಮಗು ಹುಟ್ಟಿತ್ತು. ಬಸುರಿ ಹೆಂಡತಿಗೆಂದು ಮಾದರಿ ಮಾತ್ರೆಗಳನ್ನು ಮನೆಗೆ ತಂದವನು ಅವನೇ.

ಗರ್ಭ ಕಟ್ಟಿದ ಸುಮಾರು 20ನೆಯ ದಿನದಿಂದ 36ನೆಯ ದಿನದೊಳಗೆ ಈ ಔಷಧಿ ಒಳಹೊಕ್ಕರೆ ಶಿಶುವಿನ ಕೈಕಾಲು, ಕಿವಿ, ಒಳಅಂಗಗಳು ಕೆಡುತ್ತವೆ. ವಾಕರಿಕೆ ತಲೆಯೆತ್ತುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಸಂಕಟ ತಾಳದೆ ಮಾತ್ರೆ ನುಂಗಿದ ಹೊತ್ತೇ ಅತ್ಯಂತ ಅಪಾಯದ ಹೊತ್ತೂ ಆಗಿದ್ದುದು ಈ ದುರಂತದ ತಿರುಳು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಜ್ ಮತ್ತು ಆಸ್ಟ್ರೇಲಿಯಾದ ವಿಲಿಯಂ ಮ್ಯಾಕ್‌ಬ್ರೈಡ್ 1961ರಲ್ಲಿ ಬೇರೆಬೇರೆಯಾಗಿ ಈ ನಂಟನ್ನು ಗುರುತಿಸಿದರು. ಅದೇ ನವೆಂಬರ್ ಕೊನೆಯಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಒಟ್ಟಾರೆ 46 ದೇಶಗಳಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಗ್ರುನೆಂಥಾಲ್ ಕ್ಷಮೆ ಕೇಳಿದ್ದು 2012ರಲ್ಲಿ.

ಅಮೆರಿಕ ಬಹುಮಟ್ಟಿಗೆ ಪಾರಾದದ್ದು ಒಬ್ಬ ಹೆಂಗಸಿನ ಪಟ್ಟಿನಿಂದ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಗೆ 1960ರಲ್ಲಷ್ಟೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ, ರಿಚರ್ಡ್‌ಸನ್-ಮೆರೆಲ್ ಕಂಪನಿಯ ಅರ್ಜಿಗೆ ಒಪ್ಪಿಗೆ ಕೊಡಲಿಲ್ಲ. ಆಗಿನ ಕಾನೂನಿನಂತೆ 60 ದಿನಗಳಲ್ಲಿ ಆಕ್ಷೇಪಣೆ ಬಾರದಿದ್ದರೆ ಔಷಧಿ ತಾನಾಗಿ ಮಾರುಕಟ್ಟೆಗೆ ಬರುತ್ತಿತ್ತು. ಪ್ರತಿ ಸಲ ಅವಧಿ ಮುಗಿಯುವ ಮೊದಲು ಹೆಚ್ಚಿನ ಪುರಾವೆ ಬೇಕೆಂದು ಆಕೆ ಕಡತ ಹಿಂತಿರುಗಿಸಿದಳು. ದೀರ್ಘಕಾಲ ನುಂಗಿದವರ ನರಗಳಿಗೆ ಹಾನಿಯಾದ ವರದಿ ಬ್ರಿಟನ್ನಿನಿಂದ ಬಂದಾಗ ಬಸುರಿಯರ ಗತಿಯೇನೆಂದು ಕೇಳಿದಳು. 1962ರಲ್ಲಿ ಅಮೆರಿಕ ಕಾನೂನನ್ನೇ ಬದಲಿಸಿ, ಔಷಧಿಯ ಗುಣವನ್ನೂ ಪ್ರಯೋಗಗಳಿಂದ ಸಾಬೀತುಪಡಿಸಬೇಕೆಂದು ಕಡ್ಡಾಯ ಮಾಡಿತು.

ಎರಡನೆಯ ಮಾತ್ರೆಯದು ತಿರುಗುಮುರುಗು ಕಥೆ. ಅದೇ ಮೆರೆಲ್ 1956ರಿಂದ ಮಾರುತ್ತಿದ್ದ 'ಬೆಂಡೆಕ್ಟಿನ್'ನಲ್ಲಿ ಅಲರ್ಜಿಯ ಔಷಧಿ ಡಾಕ್ಸಿಲಮೀನ್, ಬಿ6 ಜೀವಸತ್ವವಾದ ಪಿರಿಡಾಕ್ಸಿನ್ ಇದ್ದವು. ಮೊದಲಿದ್ದ ಮೂರನೆಯ ಔಷಧಿಯನ್ನು 1976ರಲ್ಲಿ ಕೈಬಿಡಲಾಯಿತು. ಥಾಲಿಡೊಮೈಡ್‌ನ ಭೀತಿ ಮಾಸದ ಕಾಲದಲ್ಲಿ ಇದರ ಮೇಲೂ ಮೊಕದ್ದಮೆಗಳು ಬಿದ್ದವು. ಶಿಶುವಿಗೆ ಹಾನಿಯೆಂದು ಅಧ್ಯಯನಗಳಲ್ಲಿ ಸಿದ್ಧವಾಗದಿದ್ದರೂ, ವ್ಯಾಜ್ಯದ ಖರ್ಚಿಗೆ ಬೇಸತ್ತ ಕಂಪನಿ 1983ರಲ್ಲಿ ಮಾತ್ರೆಯನ್ನು ನಿಲ್ಲಿಸಿತು. ಜನ್ಮದೋಷಗಳೇನೂ ಕಡಿಮೆಯಾಗಲಿಲ್ಲ, ವಾಂತಿಯಿಂದ ಆಸ್ಪತ್ರೆ ಸೇರುವವರು ಹೆಚ್ಚಿದರು. ಆದರೆ ಕೆನಡಾದಲ್ಲಿ ಇದೇ ಮಿಶ್ರಣ ಬಳಕೆಯಲ್ಲಿ ಉಳಿಯಿತು. ಅಮೆರಿಕ 2013ರಲ್ಲಿ ಅದಕ್ಕೆ ಮತ್ತೆ ಒಪ್ಪಿಗೆ ಕೊಟ್ಟಿತು. ಮೂವತ್ತು ವರ್ಷ ಅಲ್ಲಿನ ಹೆಂಗಸರು ವಿನಾಕಾರಣ ನರಳಿದರೆಂದೇ ಹೇಳಬೇಕು. ಭಾರತದಲ್ಲೂ ವೈದ್ಯರು ಇಂದು ಬರೆದುಕೊಡುವುದು ಹೆಚ್ಚಾಗಿ ಇದನ್ನೇ.

ಮನೋರೋಗದ ವಾದಕ್ಕೆ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಮಿದುಳಿನ ಮೇಲೆ ಕೆಲಸಮಾಡಿ ವಾಕರಿಕೆ ಹುಟ್ಟಿಸುತ್ತದೆ, ಬಸಿರಿಗೆ ಮುಂಚೆ ಅದು ಕಡಿಮೆಯಿದ್ದವರಿಗೆ ಸಂಕಟ ಹೆಚ್ಚು ಎಂದು ಮಾರ್ಲೀನಾ ಫೆಜೊ, ಸ್ಟೀಫನ್ ಒ'ರಾಹಿಲಿ ಮತ್ತು ಸಂಗಡಿಗರ ಸಂಶೋಧನೆ 2023ರ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.