ಟ್ಯಾಂಕಿಗೂ ಉಸಿರು ಬೇಕು...

ನಮ್ಮಪ್ಪನ ಯೆಜ್ಡಿ ಒಮ್ಮೆ ನಂಜನಗೂಡು ರಸ್ತೆಯಲ್ಲಿ ನಿಂತುಬಿಟ್ಟಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಪ್ಲಗ್ ಸರಿಯಿದೆ, ಆದರೂ ಕಿಕ್ ಹೊಡೆದು ಹೊಡೆದು ಅಪ್ಪನ ಕಾಲು ಸೋತಿತ್ತು. ಕೊನೆಗೆ ಟ್ಯಾಂಕಿನ ಮುಚ್ಚಳ ತಿರುಗಿಸಿದರೆ 'ಉಸ್ಸ್' ಅಂತ ಸದ್ದು! ಆಮೇಲೆ ಎರಡೇ ಕಿಕ್ಕಿಗೆ ಸ್ಟಾರ್ಟ್. ತಪ್ಪು ಗಾಡಿಯದಲ್ಲ ಬಿಡಿ. ಹಜಾರದಲ್ಲಿ ನಿಲ್ಲಿಸುತ್ತಿದ್ದ ಗಾಡಿಯಿಂದ ಮನೆಯೆಲ್ಲಾ ಪೆಟ್ರೋಲ್ ವಾಸನೆ ಅಂತ ಅಮ್ಮ ಗೊಣಗಿದ್ದಕ್ಕೆ, ಅಪ್ಪ ಮುಚ್ಚಳದ ಸಣ್ಣ ತೂತನ್ನು ಹಳೇ ಟ್ಯೂಬಿನ ಚೂರು ತುರುಕಿ ಮುಚ್ಚಿದ್ದರು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಗಾಡಿಗಳಿಗೆ ಪೆಟ್ರೋಲ್ ಪಂಪ್ ಇರಲಿಲ್ಲ. ಆಗಿನ ಹೆಚ್ಚಿನ ಬೈಕುಗಳಿಗೂ ಅಷ್ಟೇ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ, ನಡುವೆ ಒಂದು ಕಾಕ್. ಭೂಮಿಯ ಸೆಳೆತವೇ ಪಂಪು, ಅದೂ ಬಿಟ್ಟಿ! ಆದರೆ ಪೆಟ್ರೋಲ್ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ಒತ್ತಡ ಕುಸಿದು ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಹಾಗಾಗಿ ಆ ತೂತು. ರಿಸರ್ವ್ ಕೂಡ ಖಾಲಿಯಾದಾಗ ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸುತ್ತಿದ್ದ ವಿದ್ಯೆ ನಿಮಗೂ ಗೊತ್ತಿರಬಹುದು :-)

ಈ ಬಿಟ್ಟಿ ಪಂಪು ಕೈಕೊಟ್ಟ ಒಂದು ಗಾಡಿ, 1975ರ ಹೋಂಡಾ ಗೋಲ್ಡ್ ವಿಂಗ್. ಭಾರ ಕೆಳಗಿರಲಿ ಅಂತ ಟ್ಯಾಂಕನ್ನು ಸೀಟಿನಡಿ ಇಟ್ಟರು. ಪೆಟ್ರೋಲ್ ತಾನಾಗಿ ಮೇಲೇರುವುದಿಲ್ಲವಲ್ಲ, ಎಂಜಿನ್ನಿನ ಕ್ಯಾಮ್‌ಶಾಫ್ಟಿನಿಂದ ಓಡುವ ಪಂಪು ಹಾಕಬೇಕಾಯಿತು. ಟ್ಯಾಂಕಿನಂತೆ ಕಾಣುವ ಜಾಗದಲ್ಲಿದ್ದದ್ದು ಬರೀ ಪೆಟ್ಟಿಗೆ. ಬಿಚ್ಚಿಡುವ ಕಿಕ್ ಲಿವರ್ ಕೂಡ ಅದರೊಳಗೇ!

ತೂತಿನ ಇನ್ನೊಂದು ಮುಖ ಅಮ್ಮನ ಮೂಗಿಗೆ ಗೊತ್ತಿತ್ತು. ಹಗಲು ಬಿಸಿಗೆ ಟ್ಯಾಂಕು ಉಸಿರು ಬಿಡುತ್ತದೆ, ರಾತ್ರಿ ತಂಪಿಗೆ ಎಳೆದುಕೊಳ್ಳುತ್ತದೆ. ಬಿಟ್ಟ ಉಸಿರಿನಲ್ಲಿ ಪೆಟ್ರೋಲ್ ಆವಿ, ಅದರಲ್ಲಿ ಕ್ಯಾನ್ಸರ್ ತರುವ ಬೆಂಜೀನ್. ಕ್ಯಾಲಿಫೋರ್ನಿಯಾದವರು ಕಾರುಗಳಿಗೆ 1970ರಲ್ಲೇ ಇದರ ಮೇಲೆ ನಿಯಮ ತಂದರು, ಬೈಕುಗಳಿಗೆ 1980ರ ದಶಕದಲ್ಲಿ. ಉಪಾಯ ಸರಳ: ಇದ್ದಿಲಿನ ಡಬ್ಬಿ. ಗಾಡಿ ನಿಂತಾಗ ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಅದರ ಸೆಳೆತಕ್ಕೆ ಹೊಸ ಗಾಳಿ ಇದ್ದಿಲಿನ ಮೂಲಕ ಹಾದು, ಆವಿಯನ್ನು ಕಿತ್ತುಕೊಂಡು ಎಂಜಿನ್ನಿಗೇ ಉಣಿಸುತ್ತದೆ. ದುಡ್ಡು ಕೊಟ್ಟ ಪೆಟ್ರೋಲ್ ತಾನೇ, ಉರಿಯಲಿ!

ನಮ್ಮ ದೇಶದ ಬೈಕುಗಳಿಗೆ ಈ ಡಬ್ಬಿ ಬಂದದ್ದು ಬಿಎಸ್-4ರ ಜೊತೆ: 2016ರ ಏಪ್ರಿಲ್‌ನಲ್ಲಿ ಹೊಸ ಮಾದರಿಗಳಿಗೆ, ಮರುವರ್ಷ ಎಲ್ಲದಕ್ಕೂ. 2020ರ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಬಹುತೇಕ ಮಾಯ. ಇಂಜೆಕ್ಷನ್ನಿಗೆ ಸುಮಾರು 3 ಬಾರ್ ಒತ್ತಡ ಬೇಕು. ಒಂದಡಿ ಎತ್ತರದಿಂದ ಇಳಿಯುವ ಪೆಟ್ರೋಲ್ ಕೊಡುವ ಒತ್ತಡಕ್ಕಿಂತ ಅದು ನೂರು ಪಟ್ಟಿಗೂ ಹೆಚ್ಚು, ಹಾಗಾಗಿ ಟ್ಯಾಂಕಿನೊಳಗೇ ಕರೆಂಟಿನ ಪಂಪು. 2018ರಲ್ಲಿ ಮರಳಿ ಬಂದ ಜಾವಾಕ್ಕೂ ಇಂಜೆಕ್ಷನ್ನೇ. ಕಾಕ್ ತಿರುಗಿಸುವ ಸುಖ ಹೋಯಿತು ಅಂತ ನನಗೆ ಬೇಸರವಿದೆ, ಸುಳ್ಳು ಹೇಳಲ್ಲ.

ಆದರೆ ಲೆಕ್ಕ ಹಾಕಿದರೆ ಹೊಟ್ಟೆ ಕಲಕುತ್ತದೆ. ನಾನೂ ತಂಗಿಯೂ ಮಲಗುತ್ತಿದ್ದ ಕೋಣೆ ಆ ಹಜಾರದ ಪಕ್ಕದಲ್ಲೇ ಇತ್ತು. ಆ ವಾಸನೆ ನನಗೆ ಇಷ್ಟವೂ ಆಗಿತ್ತು! ಅಮ್ಮ ಗೊಣಗಿದಾಗಲೆಲ್ಲ ನಾವು ಅಪ್ಪನ ಕಡೆ.

ಯೆಜ್ಡಿ ಈಗ ನನ್ನ ಹತ್ತಿರ ಇದೆ. ಮುಚ್ಚಳದ ತೂತನ್ನು ಸೂಜಿ ಹಾಕಿ ಚೊಕ್ಕ ಮಾಡಿಟ್ಟಿದ್ದೇನೆ. ನಿಲ್ಲಿಸುವುದು ಮಾತ್ರ ಹಿತ್ತಿಲಿನ ಹಲಸಿನ ಮರದ ನೆರಳಲ್ಲಿ.