ಪದಸೂಚಿಯ ಅಂಕನ: ಚೀಟಿಯಿಂದ ಎಕ್ಸ್‌ಎಂಎಲ್‌ವರೆಗೆ

ಗ್ರಂಥಸಂಪಾದನೆಯಲ್ಲಿ ಪದಸೂಚಿಯು ಬಹುಕಾಲ ಕಟ್ಟಕಡೆಯ ಕೆಲಸವಾಗಿತ್ತು. ಪುಟಗಳ ಕರಡಚ್ಚು ಕೈಸೇರಿದ ಮೇಲೆ ಒಂದೊಂದು ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅಕಾರಾದಿಯಾಗಿ ಜೋಡಿಸಿ, ಪುಟಸಂಖ್ಯೆ ಕಾಣಿಸುವುದು ಕ್ರಮ. ಮರುಮುದ್ರಣದಲ್ಲಿ ಪುಟಗಳು ಸರಿದರೆ ಆ ಶ್ರಮವೆಲ್ಲ ಮತ್ತೆ ಮೊದಲಿನಿಂದ.

1986ರಲ್ಲಿ ಎಸ್‌ಜಿಎಂಎಲ್ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ಸರಳರೂಪವಾದ ಎಕ್ಸ್‌ಎಂಎಲ್ 1998ರ ಫೆಬ್ರವರಿಯಲ್ಲಿ ಹೊರಬಂದಿತು. ಮಾನವಿಕ ಪಠ್ಯಗಳಿಗಾಗಿ 1987ರಲ್ಲಿ ಮೊದಲಾದ ಟಿಇಐ, ತಾಂತ್ರಿಕ ಗ್ರಂಥಗಳಿಗಾಗಿ 1991ರಲ್ಲಿ ಮೊದಲಾದ ಡಾಕ್‌ಬುಕ್ ಇವೆರಡೂ ಸೂಚಿಯ ನಮೂದನ್ನು ವಿಷಯ ಬಂದೆಡೆಯಲ್ಲಿಯೇ, ಪಠ್ಯದೊಳಗೆ ಇರಿಸಲು ಅವಕಾಶವಿತ್ತುವು. ಪುಟಸಂಖ್ಯೆಯ ಹೊರೆ ಯಂತ್ರದ್ದಾಯಿತು. ಟಿಇಐಯ ಹಳೆಯ ಆವೃತ್ತಿಗಳಲ್ಲಿ ಮುಖ್ಯ ನಮೂದು, ಉಪನಮೂದುಗಳನ್ನು ಗುಣವಿಶೇಷಗಳಾಗಿ ಬರೆಯುತ್ತಿದ್ದರು. 2007ರ ಪಿ5 ಆವೃತ್ತಿಯು ಅವನ್ನು ಒಂದರೊಳಗೊಂದು ಅಡಗುವ ಘಟಕಗಳನ್ನಾಗಿಸಿತು. ಗುಣವಿಶೇಷದೊಳಗೆ ಬೇರೊಂದು ಗುರುತನ್ನು ಹಾಕಲು ಬರುವುದಿಲ್ಲ, ಘಟಕದೊಳಗೆ ಬರುತ್ತದೆ. 'ತಿಲೋಯಪಣ್ಣತ್ತಿ' ಎಂಬುದು ಪ್ರಾಕೃತವೆಂದೂ, ಅದನ್ನು 'ತ್ರಿಲೋಕಪ್ರಜ್ಞಪ್ತಿ'ಯ ಸ್ಥಾನದಲ್ಲಿ ಜೋಡಿಸಬೇಕೆಂದೂ ತಿಳಿಸಲು ಈಗ ಸಾಧ್ಯ.

ಹಸ್ತಪ್ರತಿಗಳನ್ನು ಬಲ್ಲವರಿಗೆ ಇನ್ನೊಂದು ತೊಡಕು ಪರಿಚಿತವೇ. ಎಕ್ಸ್‌ಎಂಎಲ್‌ನಲ್ಲಿ ಒಂದು ಘಟಕ ಮತ್ತೊಂದರ ಒಳಗಿರಬೇಕು, ಇಲ್ಲವೆ ಹೊರಗಿರಬೇಕು. ಒಂದನ್ನೊಂದು ಅರ್ಧ ದಾಟುವಂತಿಲ್ಲ. ಓಲೆಯ ಒಂದು ಮಗ್ಗುಲಲ್ಲಿ ತೊಡಗಿದ ಪದ್ಯವೋ ಇನ್ನೊಂದರಲ್ಲಿ ಮುಗಿಯುತ್ತದೆ. ಆದ್ದರಿಂದ ಗರಿಯ ತಿರುವನ್ನು ಒಳಗೇನೂ ಇಲ್ಲದ ಬರಿಯ ಗುರುತಿನಿಂದ ತೋರಿಸುತ್ತಾರೆ. ಹಲವು ಪುಟಗಳಿಗೆ ಹಬ್ಬಿದ ಚರ್ಚೆಯ ಸೂಚಿಗೂ ಇದೇ ಉಪಾಯ: ಆದಿಯಲ್ಲೊಂದು ಗುರುತು, ಅಂತ್ಯದಲ್ಲೊಂದು.

ಯಂತ್ರ ಮಾಡಲಾರದ್ದು ಹೆಸರಿನ ನಿರ್ಣಯ. ಪುಷ್ಪದಂತನೆಂದರೆ ಒಂಬತ್ತನೆಯ ತೀರ್ಥಂಕರ; ಭೂತಬಲಿಯೊಡನೆ ಷಟ್ಖಂಡಾಗಮವನ್ನು ರಚಿಸಿದ ಆಚಾರ್ಯ; ಮಾನ್ಯಖೇಟದಲ್ಲಿ ಅಪಭ್ರಂಶ ಮಹಾಪುರಾಣವನ್ನು ಬರೆದ ಕವಿಯೂ ಹೌದು. ಅಕ್ಷರ ಒಂದೇ, ವ್ಯಕ್ತಿಗಳು ಮೂವರು. ಕುಂದಕುಂದಾಚಾರ್ಯರ ವಿಷಯ ಇದಕ್ಕೆ ವಿಪರೀತ: ಪರಂಪರೆಯು ಅವರಿಗೆ ಪದ್ಮನಂದಿ, ಏಲಾಚಾರ್ಯ, ವಕ್ರಗ್ರೀವ, ಗೃಧ್ರಪಿಂಛ ಎಂಬ ಹೆಸರುಗಳನ್ನೂ ಹೇಳುತ್ತದೆ. ಇವುಗಳಲ್ಲಿ ಕೊನೆಯದು ಉಮಾಸ್ವಾತಿಗೂ ಸಲ್ಲುತ್ತದೆ. ಪದ್ಮನಂದಿ ಎಂಬ ಹೆಸರಿನ ಬೇರೆ ಗ್ರಂಥಕಾರರೂ ಇದ್ದಾರೆ. 'ಅಭಿನವ ಪಂಪ: ನೋಡಿ ನಾಗಚಂದ್ರ' ಎಂಬಷ್ಟು ಸುಲಭವಾಗಿ ಇಲ್ಲಿ 'ನೋಡಿ' ಎಂದು ಬರೆದರೆ, ಸೂಚಿಕಾರನು ಇತಿಹಾಸದ ವಿವಾದವೊಂದನ್ನು ಸದ್ದಿಲ್ಲದೆ ತೀರ್ಮಾನಿಸಿದಂತಾಗುತ್ತದೆ. ಸಂದೇಹವಿರುವಲ್ಲಿ ಎರಡು ನಮೂದುಗಳನ್ನೂ ಉಳಿಸಿ, ನಡುವೆ 'ಇದನ್ನೂ ನೋಡಿ' ಎಂಬ ಸಂಬಂಧವನ್ನಷ್ಟೇ ಕಲ್ಪಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ಡಾಕ್‌ಬುಕ್ ಇವೆರಡಕ್ಕೂ ಪ್ರತ್ಯೇಕ ಘಟಕಗಳನ್ನೇ ಒದಗಿಸಿದೆ.