ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್: ಹಳ್ಳಿಯಲ್ಲೇ ಪತ್ತೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿವೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಈ ಭಾಗದಲ್ಲಿ, ತುಂಗಭದ್ರೆಯಿಂದ ದೂರವಿರುವ ಹಳ್ಳಿಗಳು ಬಹುಕಾಲ ಕೊಳವೆಬಾವಿಗಳನ್ನೇ ನಂಬಿದ್ದವು. ಅಂತರ್ಜಲದಲ್ಲಿ ಫ್ಲೋರೈಡ್ ಸಮಸ್ಯೆ ದಾಖಲಾಗಿರುವ ರಾಜ್ಯದ ಪ್ರದೇಶಗಳಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯೂ ಒಂದು.

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರು ಕಲ್ಲಿನ ಸಂಪರ್ಕದಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದರ ಪ್ರಮಾಣ ಏರಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ನೋಡಿ ತಿಳಿಯಲಾಗದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1937ರಲ್ಲಿ, ಬಳ್ಳಾರಿಯೂ ಸೇರಿದ್ದ ಅಂದಿನ ಮದರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಹಿಂದೆ ಪ್ರಯೋಗಾಲಯಕ್ಕಷ್ಟೇ ಸೀಮಿತವಾಗಿದ್ದ ಪರೀಕ್ಷೆ ಇಂದು ಸಣ್ಣ ಪೆಟ್ಟಿಗೆಯಲ್ಲಿ ಹಳ್ಳಿಗೆ ಬಂದಿದೆ. ಜಿರ್ಕೋನಿಯಂ ಮತ್ತು ಕ್ಸೈಲೆನಾಲ್ ಆರೆಂಜ್ ಎಂಬ ವರ್ಣದ್ರವ್ಯ ಕೂಡಿದ ದ್ರಾವಣ ಗುಲಾಬಿ ಬಣ್ಣದ್ದು. ಕೆಲವು ಮಿಲಿಲೀಟರ್ ನೀರಿಗೆ ಅದನ್ನು ಬೆರೆಸಿದಾಗ, ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಬಣ್ಣ ಹಳದಿಯತ್ತ ಸರಿಯುತ್ತದೆ. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಪ್ರಮಾಣವನ್ನು ಅಂದಾಜಿಸಲಾಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಇಂತಹ ಪೆಟ್ಟಿಗೆ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡುವುದು ನಿಗದಿಯಾಗಿದೆ.

ಆದರೆ ಇದು ಪ್ರಾಥಮಿಕ ಶೋಧನೆ ಮಾತ್ರ. ಬಣ್ಣ ಗುರುತಿಸುವ ಕಣ್ಣು, ಬೆಳಕು, ರಾಸಾಯನಿಕದ ಅವಧಿ ಇವೆಲ್ಲ ಫಲಿತಾಂಶವನ್ನು ವ್ಯತ್ಯಾಸಗೊಳಿಸಬಲ್ಲವು. ಮಿತಿಯ ಆಸುಪಾಸಿನ ಮಾದರಿಯನ್ನು ಅಯಾನ್ ವಿದ್ಯುದ್ವಾರವಿರುವ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ದೋಷ ಕಂಡ ಬಾವಿಯ ನೀರನ್ನು ಬಟ್ಟೆ ಒಗೆಯಲು ಬಳಸಬಹುದು. ಕುಡಿಯಲು ಮತ್ತು ಅಡುಗೆಗೆ ನದಿ ಮೂಲದ ನೀರು, ಮಳೆ ನೀರು ಅಥವಾ ಶುದ್ಧೀಕರಣ ಘಟಕದ ನೀರೇ ಸುರಕ್ಷಿತ ಮಾರ್ಗ. ಬಣ್ಣ ಬದಲಾದುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟರಷ್ಟೇ ಸಾಲದು, ನೀರಿನ ಮೂಲವೂ ಬದಲಾಗಬೇಕು.